ಹನ್ನೊಂದೂ ಹತ್ತರ ಪತ್ರಗಳು

ಜೂನ್ 4, 2007, ಸೋಮವಾರ, ಹೊನ್ನಾವರ

ಇವತ್ತು ಕಟ್ಟೆಯಿಂದ ಹದಿಮೂರು ಪತ್ರ ಅಳಿಸಿದೆ. ಬೆಳಿಗ್ಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೀಬೋರ್ಡುಗಳ ಸಂದಿಯಿಂದ ಮಳೆಹುಳದ ರೆಕ್ಕೆ ಗುಡಿಸಿದ್ದೆ, ಸಂಜೆ ಮನೆಗೆ ಬಂದು ಇದನ್ನು ಗುಡಿಸಿದೆ. ಯಾವುದು ಹೆಚ್ಚು ಹೇಸಿಗೆ ಅಂತ ಹೇಳಲಾರೆ.

ಮೂರು ವರ್ಷದ ಹಿಂದೆ ನಾಗರಾಜನೂ ನಾನೂ ಸೇರಿ ‘ಕೀಲಿಮಣೆ ಕಟ್ಟೆ’ ಅಂತ ಇಂಟರ್ನೆಟ್ಟಿನಲ್ಲಿ ಈ ಗುಂಪು ಶುರು ಮಾಡಿದಾಗ ಅಂದುಕೊಂಡದ್ದೇ ಬೇರೆ. ಕುಮಟಾ, ಹೊನ್ನಾವರ, ಭಟ್ಕಳದವರು ದುಬೈ, ಪುಣೆ ಅಂತ ಎಲ್ಲೆಲ್ಲೋ ಇದ್ದಾರೆ. ಕಂಪ್ಯೂಟರು, ಹೊಸ ಯಂತ್ರ, ವಿಜ್ಞಾನದ ಕಥೆ ಇವುಗಳ ಬಗ್ಗೆ ನಮ್ಮದೇ ಮಾತಿನಲ್ಲಿ ಚರ್ಚೆ ಮಾಡಲಿ ಅಂತ. ಈಗ ನೂರಾ ನಲವತ್ತು ಜನ ಇದ್ದಾರೆ. ಚರ್ಚೆ ಎಂಥದ್ದು? ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಗೇಮಿನ ರಕ್ತ ಹೆಚ್ಚು ಕೆಂಪಾಗಿ ಕಾಣುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಯಂತ್ರ ಸಿಕ್ಕರೆ ಯಾವ ವರ್ಷದ ಪ್ರಶ್ನೆಪತ್ರಿಕೆ ಕದಿಯಬೇಕು. ರೋಬೋಟಿಗೆ ಸೀರೆ ಉಡಿಸಬಹುದೇ? ಈ ಕೊನೆಯದಕ್ಕೆ ನಲವತ್ತೆರಡು ಉತ್ತರ, ಅದರಲ್ಲಿ ಒಂಬತ್ತು ಯಾರೆದುರೂ ಓದಲಾಗದಂಥವು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಓದುವಾಗ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ಇದರ ನಡುವೆ ಈ ‘ಟೆಂಪೋ ಬೀರ’. ಫೆಬ್ರವರಿಯಿಂದ ಬರೆಯುತ್ತಿದ್ದಾನೆ. ಕಾಗಾಲದವನಂತೆ, ಕುಮಟಾದಿಂದ ಅಘನಾಶಿನಿಗೆ ಪ್ಯಾಸೆಂಜರ್ ಟೆಂಪೋ ಓಡಿಸುವವನಂತೆ. ಭೂಮಿಯಿಂದ ಚಂದ್ರನಿಗೆ ಹೋಗುವ ಟೆಂಪೋದ ಕಥೆಯನ್ನು ಕಂತು ಕಂತಾಗಿ ಹಾಕುತ್ತಾನೆ. ಇವತ್ತಿನ ಕಂತಿನಲ್ಲಿ ಮೀನಿನ ಬುಟ್ಟಿಯಿಂದ ಬಂಗಡೆಗಳು ತೇಲಿಬಂದು ಪ್ಯಾಸೆಂಜರುಗಳ ಮುಖಕ್ಕೆ ಬಡಿಯುತ್ತವೆ. ಕಂಡಕ್ಟರು ಅವನ್ನು ಹಿಡಿಹಿಡಿದು ಬುಟ್ಟಿಗೆ ಹಾಕುತ್ತಾನೆ. ಕಥೆ ರಂಗೇರುವ ಹೊತ್ತಿಗೆ ‘ಟೈಮಾತು, ಹೋತೆ’ ಅಂತ ಅರ್ಧಕ್ಕೇ ಬಿಡುತ್ತಾನೆ. ಗುಂಪು ಬಿದ್ದು ಬಿದ್ದು ನಗುತ್ತದೆ.

ನನಗೆ ನಗು ಬರಲಿಲ್ಲ. ಇದು ಯಾರೋ ಓದಿಕೊಂಡವನ ವೇಷ ಅಂತ ಎಳೆ ಮಗುವಿಗೂ ತಿಳಿಯುತ್ತದೆ. ಪುಣೆಯಲ್ಲಿ ಎಂಜಿನಿಯರ್ ಆಗಿರುವ ನಮ್ಮ ನಾಗಪತಿಯದೇ ಇರಬೇಕು, ಅವನಿಗೆ ಇಂಥ ಚಾಳಿ ಇದೆ. ಏಪ್ರಿಲ್ ಒಂದಕ್ಕೆ ತಾನೇ ಸತ್ತೆ ಅಂತ ಬರೆದು ಎರಡು ದಿನ ಎಲ್ಲರೂ ಅಳುವ ಹಾಗೆ ಮಾಡಿದವನು. ಹಾಲಕ್ಕಿ ಗೌಡರ ಹೆಸರಿಟ್ಟುಕೊಂಡು, ಬೆವರು ಸುರಿಸಿ ದುಡಿಯುವ ಜನರನ್ನು ಹೀಗೆ ಕೋಡಂಗಿ ಮಾಡುವುದು ಅಸಹ್ಯ.

ಜೂನ್ 9, ಶನಿವಾರ

ಬಂಗಡೆ ಕಂತಿನಲ್ಲಿ ಹನ್ನೊಂದು ತಪ್ಪು ಪಟ್ಟಿ ಮಾಡಿ ಮೊನ್ನೆ ಗುಂಪಿಗೆ ಹಾಕಿದ್ದೆ. ಡೀಸೆಲ್ ಉರಿಯಲು ಗಾಳಿ ಎಲ್ಲಿಂದ ಬರುತ್ತದೆ? ಕಿಟಕಿ ತೆಗೆದರೆ ಏನಾಗುತ್ತದೆ? ಚಂದ್ರನಲ್ಲಿ ಇಳಿದ ಮೇಲೂ ಮೀನು ತೇಲುವುದು ಹೇಗೆ, ಅಲ್ಲಿ ಆರರಲ್ಲೊಂದು ಪಾಲು ಗುರುತ್ವ ಇಲ್ಲವೇ?

ಇವತ್ತು ಅವನ ಉತ್ತರ: ‘ಮೇಡಂ, ಹನ್ನೊಂದರಲ್ಲಿ ನಾಕು ಅರ್ಥ ಆತು. ಉಳಿದದ್ದು ಇನ್ನೊಮ್ಮೆ ಹೇಳ್ತ್ರಾ?’

ಎಷ್ಟು ಚೆನ್ನಾಗಿ ನಟಿಸುತ್ತಾನೆ. ಉಳಿದ ಏಳನ್ನು ಚಿತ್ರ ಬರೆದು ವಿವರಿಸಿ ಕಳಿಸಿದೆ. ಎರಡು ತಾಸು ಹಿಡಿಯಿತು. ವೇಷಧಾರಿಯಾದರೂ ಓದುವ ಉಳಿದವರಾದರೂ ತಪ್ಪು ಕಲಿಯಬಾರದು.

ಜೂನ್ 20, ಬುಧವಾರ

ಚಪ್ಪಲಿ, ಪುಸ್ತಕ, ಬೀರುವಿನ ಸೀರೆ, ಎಲ್ಲಕ್ಕೂ ಬೂಷ್ಟು. ಮೋಡೆಮಿನೊಳಗೆ ಇರುವೆ ಗೂಡು ಕಟ್ಟಿದೆ. ಬಿಚ್ಚಿ ಊದಿದರೆ ಬಿಳಿ ಮೊಟ್ಟೆಗಳು ಮೇಜಿನ ತುಂಬ. ಈ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಬೂಷ್ಟು ಹಿಡಿಯದೆ ಇರುವುದು.

ಒಂದು ವಿಷಯ ಪತ್ತೆಯಾಯಿತು. ಬೀರನ ಪತ್ರಗಳೆಲ್ಲ ಬೆಳಿಗ್ಗೆ ಹನ್ನೊಂದೂ ಹತ್ತರಿಂದ ಹನ್ನೊಂದೂ ಐವತ್ತರ ಒಳಗೇ ಬರುತ್ತವೆ. ಭಾನುವಾರ ಇಲ್ಲ. ಆಫೀಸಿನವರು ಚಾ ಕುಡಿಯುವ ಹೊತ್ತು. ಸಂಬಳ ತಿನ್ನುತ್ತ, ಎಸಿ ಕೋಣೆಯಲ್ಲಿ ಕೂತು ಟೆಂಪೋ ಡ್ರೈವರನ ಸೋಗು.

ಭಟ್ಕಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಾಗರಾಜನಿಗೆ ಫೋನು ಮಾಡಿ ಹೇಳಿದೆ. ಗುಂಪಿನ ಮೇಲ್ವಿಚಾರಣೆ ಅವನದೂ ಹೌದು, ಆದರೆ ಒಂದು ಪತ್ರವನ್ನೂ ಅಳಿಸುವವನಲ್ಲ.

“ಖರೆ ಡ್ರೈವರೇ ಇರಬಹುದು ಮಾರಾಯ್ತಿ. ಡ್ರೈವರ್ರು ಕಥೆ ಬರೀಬಾರ್ದು ಅಂತ ಉಂಟಾ?” ಎಂದ.

“ಹೆಂಗೆ ಸಾಧ್ಯ? ರಾಕೆಟ್ಟಿನ ವೇಗ ಲೆಕ್ಕ ಹಾಕಿದ್ದಾನೆ ನೋಡು, ಬಹುತೇಕ ಸರಿ ಇದೆ.”

“ನೀನೇ ಅಲ್ದಾ ಮೊನ್ನೆ ಕಲಿಸಿದ್ದು?”

ಇವನೊಟ್ಟಿಗೆ ಮಾತಾಡಿ ಪ್ರಯೋಜನವಿಲ್ಲ.

ಜುಲೈ 3, ಮಂಗಳವಾರ

ಹದಿನಾರನೇ ಕಂತು. ಬರೀ ಎಂಟು ಸಾಲು. ‘ಮೈ ಕೈ ನೋವು, ಇವತ್ತು ಇಷ್ಟೇಯಾ’ ಅಂತೆ. ನೂರಾ ನಲವತ್ತು ಜನರನ್ನು ಕಾಯಿಸುವವನಿಗೆ ಸ್ವಲ್ಪ ಜವಾಬ್ದಾರಿ ಬೇಡವೇ? ಬರೆಯುವುದಾದರೆ ಸರಿಯಾಗಿ ಬರೆಯಬೇಕು.

ಜುಲೈ 11, ಬುಧವಾರ

ಎಂಟು ದಿನದಿಂದ ಬೀರನ ಕಾಟ ಇಲ್ಲ. ನೆಮ್ಮದಿ.

ನಾಲ್ಕನೆಯ ತಾರೀಕು ಇಲ್ಲ, ಐದು ಇಲ್ಲ, ಆರು, ಏಳು, ಒಂಬತ್ತು, ಹತ್ತು ಇಲ್ಲ, ಇವತ್ತೂ ಇಲ್ಲ. ಹನ್ನೊಂದೂವರೆಗೆ ಪ್ರಾಕ್ಟಿಕಲ್ ಇತ್ತು, ಹುಡುಗಿಯರಿಗೆ ಪ್ರೋಗ್ರಾಂ ಬರೆಯಲು ಹಚ್ಚಿ ಒಮ್ಮೆ ನೋಡಿದೆ. ದುಬೈಯವರು ಹೊಸ ಕಾರ್ ರೇಸಿನ ಚೀಟ್ ಕೋಡ್ ಹಂಚಿಕೊಳ್ಳುತ್ತಿದ್ದರು. ಮುಚ್ಚಿದೆ.

ಜುಲೈ 16, ಸೋಮವಾರ

ಇವತ್ತು ಬಂತು. ಬೀರನ ಹೆಸರಿನಿಂದಲೇ, ಅವನದೇ ಖಾತೆಯಿಂದ:

‘ಬೀರ ತೀರಿಕೊಂಡ. ಇಲಿಜ್ವರ. ಶನಿವಾರ ಆತು. ಎಲ್ಲರಿಗೂ ತಿಳಿಸಿ ಅಂತ ಹೆಂಡತಿ ಹೇಳಿದ್ದಾಳೆ.’

ಸತ್ತವನು ತಾನೇ ಬಂದು ಪತ್ರ ಹಾಕುತ್ತಾನೆ. ಏಪ್ರಿಲ್‌ನಲ್ಲಿ ಮಾಡಿದ್ದನ್ನೇ ಜುಲೈಯಲ್ಲಿ ಮಾಡಲು ನಾಗಪತಿಗೆ ನಾಚಿಕೆಯೂ ಇಲ್ಲ. ಸಾಲದ್ದಕ್ಕೆ ಇಲಿಜ್ವರ. ಈ ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತು ನಾಟಿ ಮಾಡುವವರು ನಿಜವಾಗಿ ಸಾಯುವ ರೋಗ ಅದು. ಅದನ್ನೂ ಆಟಕ್ಕೆ ತಂದಿದ್ದಾನೆ.

ಗುಂಪಿನಲ್ಲಿ ಅರ್ಧ ತಾಸಿನೊಳಗೆ ಶುರುವಾಯಿತು. ನಾಗಪತಿ ತಾನು ಮುಗ್ಧನಂತೆ, ‘ಚಂದ್ರನ ಟೆಂಪೋ ಹಿಡಿದಿರಬೇಕು, ಟಾಪಿನ ಮೇಲೆ ಸೀಟು ಸಿಕ್ಕಿತಾ?’ ಅಂತ ಬರೆದ. ದುಬೈಯಿಂದ ಒಬ್ಬ, ‘ಗೇಮ್ ಓವರ್. ಇನ್ನೂ ಎರಡು ಲೈಫ್ ಉಳಿದಿರಬೇಕು, ನೋಡಿ.’ ಇನ್ನೊಬ್ಬ, ‘ಸೇವ್ ಮಾಡಿಟ್ಟಲ್ಲಿಂದ ಮತ್ತೆ ಶುರು ಮಾಡು ಮಾರಾಯ.’ ಹೀಗೆ ರಾತ್ರಿಯೊಳಗೆ ಇಪ್ಪತ್ತೆಂಟು.

ಎಂಟೋ ಹತ್ತೋ ಬರುವಷ್ಟರಲ್ಲೇ ನನಗೆ ತಡೆಯಲಾಗಲಿಲ್ಲ. ಮೊದಲ ಬಾರಿಗೆ ಈ ಗುಂಪಿನಲ್ಲಿ ಸಿಟ್ಟಿನಿಂದ ಬರೆದೆ. ಇಲ್ಲಿ ನಕಲು ಮಾಡಿಡುತ್ತೇನೆ:

‘ಬೀರ ಸತ್ತದ್ದು ಕೇಳಿ ಸಂತೋಷವಾಯಿತು. ಹುಟ್ಟಿಯೇ ಇರದವನು ಇಷ್ಟು ದಿನ ಬದುಕಿದ್ದೇ ಹೆಚ್ಚು. ಟೆಂಪೋ ಓಡಿಸುವವನಿಗೆ ಇಂಥ ಕಥೆ ಬರೆಯಲು ಬರುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಅವನ ಹೆಂಡತಿ ಅಂತ ಯಾರಾದರೂ ಇದ್ದರೆ ತಿಥಿಗೆ ಕರೆಯಲಿ, ಹೋಳಿಗೆ ಊಟಕ್ಕೆ ಎಲ್ಲರೂ ಹೋಗೋಣ. ಮಾಲತಿ.’

ಬರೆದ ಮೇಲೆ ಮನಸ್ಸು ಹಗುರವಾಯಿತು. ಹದಿನೇಳು ಜನ ನನಗೊಬ್ಬಳಿಗೇ ಬರೆದು ಶಹಬ್ಬಾಸ್ ಎಂದರು.

ಜುಲೈ 20, ಶುಕ್ರವಾರ

ಗುಂಪಿನ ಪುಟದಿಂದ ನನ್ನ ಸೋಮವಾರದ ಪತ್ರವನ್ನು ಅಳಿಸಿದೆ. ಭಾಷೆ ಅಷ್ಟು ಸರಿ ಇರಲಿಲ್ಲ.

ಜುಲೈ 27, ಶುಕ್ರವಾರ

ನಾಗಪತಿ ಪುಣೆಯಿಂದ ಫೋನು ಮಾಡಿದ್ದ. “ನನ್ನ ಮೇಲೆ ಸಂಶಯ ಪಡ್ತಿದ್ದಿ ಅಂತ ನಾಗರಾಜ ಹೇಳ್ದ. ದೇವರಾಣೆ ನಾನಲ್ಲ. ನಂಗೆ ಅಷ್ಟು ಚಂದ ಬರೀಲಿಕ್ಕೆ ಬಂದಿದ್ರೆ ನನ್ನ ಹೆಸರಲ್ಲೇ ಬರೀತಿರ್ಲಿಲ್ವಾ?” ಎಂದ. ನಂಬಲಿಲ್ಲ. ಆದರೆ ಆ ಮಾತು ಅವನಂಥ ಜಂಬದವನ ಬಾಯಲ್ಲಿ ಸುಳ್ಳಾಗಿ ಕೇಳಲಿಲ್ಲ.

ಯಾರದೇ ವೇಷವಾಗಲಿ, ಹಿಡಿದು ಗುಂಪಿನ ಮುಂದೆ ನಿಲ್ಲಿಸಬೇಕು. ಭಾನುವಾರ ಕಾಗಾಲಕ್ಕೇ ಹೋಗುತ್ತೇನೆ. ಬೀರ ಅಂತ ಟೆಂಪೋ ಡ್ರೈವರ್ ಯಾರೂ ಇಲ್ಲ ಅಂತ ನಾಲ್ಕು ಜನರಿಂದ ಬರೆಸಿಕೊಂಡು ಬರುತ್ತೇನೆ. ಅಲ್ಲಿಗೆ ಈ ಹೇಸಿಗೆ ಮುಗಿಯುತ್ತದೆ.

ಜುಲೈ 29, ಭಾನುವಾರ

ಎಲ್ಲಿಂದ ಬರೆಯಲಿ? ನಡೆದ ಹಾಗೆ ಬರೆಯುತ್ತೇನೆ.

ಕುಮಟಾದಲ್ಲಿ ಬಸ್ಸಿಳಿದು ಟೆಂಪೋ ನಿಲ್ಲುವಲ್ಲಿಗೆ ಹೋದೆ. ಅಘನಾಶಿನಿ ಟೆಂಪೋ ಹೊರಡಲು ಇನ್ನೂ ಹೊತ್ತಿತ್ತು. ಕಂಡಕ್ಟರನ ಹತ್ತಿರ, “ಈ ಲೈನಿನಲ್ಲಿ ಬೀರ ಅಂತ ಡ್ರೈವರ್ ಯಾರಾದರೂ ಇದ್ದಾರಾ?” ಎಂದು ಕೇಳಿದೆ. ಇಲ್ಲ ಎಂಬ ಉತ್ತರ ಬರೆದುಕೊಳ್ಳಲು ಚೀಲದಲ್ಲಿ ಕಾಗದ ಪೆನ್ನು ಇತ್ತು.

“ಇದ್ದಿದ. ಇದೇ ಗಾಡಿ ಓಡಿಸೂದು,” ಎಂದ. “ಹದಿನೈದು ದಿನ ಆತು ತೀರ್ಕಂಡು. ನಿಮ್ಗೆ ಗೊತ್ತಿಲ್ರಾ?”

ಗೊತ್ತಿತ್ತು ಎಂದೆ. ನಿಜ ತಾನೇ, ಹದಿಮೂರು ದಿನದ ಹಿಂದೆಯೇ ನನಗೆ ಹೇಳಿದ್ದರಲ್ಲ.

“ಹನ್ನೊಂದು ಗಂಟಿಗೆ ಟ್ರಿಪ್ಪು ಮುಗ್ಸಿ ಇಲ್ಲಿ ಬಂದ್ರೆ ಮುಕ್ಕಾಲು ತಾಸು ಖಾಲಿ. ನಾವೆಲ್ಲ ಚಾ ಕುಡೂಕೆ ಹೋದ್ರೆ ಅಂವ ಆ ದಿನಕರನ ಸೈಬರಿಗೆ ಹೋಗ್ತಿದ. ಎಂತ ಮಾಡ್ತಿದನೋ ದೇವ್ರಿಗೇ ಗೊತ್ತು,” ಎಂದು ಎದುರಿನ ಅಂಗಡಿ ತೋರಿಸಿದ. ಬಾಗಿಲು ಹಾಕಿತ್ತು, ಭಾನುವಾರ.

ವಾಪಸ್ಸು ಹೊನ್ನಾವರದ ಬಸ್ಸು ಹತ್ತಬಹುದಿತ್ತು. ಟೆಂಪೋದಲ್ಲೇ ಕೂತೆ. ಪಕ್ಕದಲ್ಲಿ ಖಾಲಿ ಮೀನಿನ ಬುಟ್ಟಿಯ ಹೆಂಗಸು. ಬುಟ್ಟಿಯ ನೀರು ನನ್ನ ಸೀರೆಗೆ ತಾಗುತ್ತಿತ್ತು. ನಾನು ಸರಿದು ಕೂರಲಿಲ್ಲ ಅಂತ ಈಗ ನೆನಪಾಗುತ್ತದೆ.

ಕಾಗಾಲದಲ್ಲಿ ಕಂಡಕ್ಟರು ಇಳಿಸಿ ದಾರಿ ತೋರಿಸಿದ. ಸಣ್ಣ ಹಂಚಿನ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಬಳಚಿನ ಚಿಪ್ಪು ಒಡೆದು ಮಾಂಸ ತೆಗೆಯುತ್ತಿದ್ದಳು. ಕೊರಳು ಬರಿದಾಗಿತ್ತು. ಹೊನ್ನಾವರದಿಂದ ಬಂದೆ, ಮಾಲತಿ ಅಂತ, ಎಂದೆ.

ಅವಳು ಕೈ ತೊಳೆದು ಎದ್ದು ನಿಂತಳು. “ಅವ್ರ ಕೂಡೆ ಬರೀತಿದ್ರಲ್ಲ, ಆ ಮೇಡಂ ನೀವೇಯಾ? ಒಳ್ಗೆ ಬನ್ನಿ, ಕೂತ್ಕಣಿ.”

ಹೆಸರು ಸೋಮಿ. ಚಾಪೆ ಹಾಸಿದಳು. ನಾನು ಏನೂ ಕೇಳದೆಯೇ ಹೇಳಿದಳು. ಮೂರನೆಯ ತಾರೀಕು ಜ್ವರದಲ್ಲೇ ಗಾಡಿಗೆ ಹೋಗಿದ್ದರಂತೆ. ಮರುದಿನದಿಂದ ಕಣ್ಣು ಹಳದಿ. ಕುಮಟಾದ ಆಸ್ಪತ್ರೆ, ಅಲ್ಲಿಂದ ಮಂಗಳೂರು. ಸೈಬರಿನ ಗುಟ್ಟಿನ ಪದ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರಂತೆ, ಅದನ್ನು ದಿನಕರನಿಗೆ ಕೊಟ್ಟು ಗೆಳೆಯರಿಗೆಲ್ಲ ತಿಳಿಸಿ ಎಂದಳಂತೆ.

“ಅಷ್ಟು ಊರಲ್ಲಿ ಗೆಳೆಯರು ಇದ್ರು ಅವ್ರಿಗೆ. ದುಬೈಲೂ ಇದ್ರು. ಹೇಳ್ದೆ ಇದ್ರೆ ಕಾಯ್ತ್ರು ಅಲ್ರಾ,” ಎಂದಳು.

ಆಮೇಲೆ ದೇವರ ಪಟದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತಂದಳು. ಒಳಗೆ ಮಡಚಿದ ಹಾಳೆಗಳು.

“ಗೆಳೆಯರು ಎಂತ ಬರ್ದಿದ್ರು ಅಂತ ದಿನಕರಣ್ಣ ಕಾಗದದ ಮೇಲೆ ತೆಗ್ದು ಕೊಟ್ಟಿದ. ಓದಿ ಹೇಳು ಅಂದೆ. ಪುರುಸೊತ್ತಿಲ್ಲ ಅಂದ, ಎರಡು ಮೂರು ಸಲ. ನಂಗೆ ಓದೂಕೆ ಬತ್ತಿಲ್ಲ. ನೀವೊಂಚೂರು ಓದ್ತ್ರಾ?”

ಒಂಬತ್ತು ಹಾಳೆ. ಇಪ್ಪತ್ತೊಂಬತ್ತು ಪತ್ರ. ಗುಂಪಿನ ಪುಟದಿಂದ ಅಳಿಸಿದರೆ ಏನು, ಎಲ್ಲರ ಅಂಚೆಪೆಟ್ಟಿಗೆಗೆ ಹೋದದ್ದು ಹೋಗಿಯೇ ಇರುತ್ತದೆ. ಇದನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ನನ್ನದು ಮೂರನೇ ಹಾಳೆಯಲ್ಲಿತ್ತು.

ಓದಿದೆ. ನಾಗಪತಿಯ ಸಾಲಿನ ಮೇಲೆ ಬೆರಳಿಟ್ಟು, ‘ಬೀರಣ್ಣನ ಕಥೆ ಓದಿ ನಮ್ಮ ಆಫೀಸಿನವರೆಲ್ಲ ಖುಷಿ ಪಡುತ್ತಿದ್ದರು, ದುಃಖವಾಯಿತು’ ಎಂದೆ. ಗೇಮ್ ಓವರಿನ ಮೇಲೆ ಬೆರಳಿಟ್ಟು, ‘ದುಬೈಯಲ್ಲಿ ನಮಗೆ ಊರಿನ ಮಾತು ಕೇಳಿಸುತ್ತಿದ್ದುದು ಅವರಿಂದಲೇ’ ಎಂದೆ. ಪಾಪಿಗಳ ಬಾಯಿಗೆ ಒಂದೊಂದೇ ಒಳ್ಳೆಯ ಮಾತು ಹಾಕುತ್ತ ಹೋದೆ. ಸೋಮಿ ಗೋಡೆಗೆ ಒರಗಿ, ಸೆರಗಿನ ತುದಿ ಬಾಯಿಗೆ ಹಿಡಿದು, ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ದುಬೈಯವರ ಹೆಸರು ಎರಡು ಸಲ ಹೇಳಿಸಿಕೊಂಡಳು.

ಮೂರನೇ ಹಾಳೆಯನ್ನು ಎರಡನೆಯದರೊಟ್ಟಿಗೆ ತಿರುಗಿಸಿ ಹಾಕಿದೆ. ಎಲ್ಲ ಮುಗಿಯಿತು.

“ನಿಮ್ದು ಓದ್ಲಿಲ್ಲ,” ಎಂದಳು. “ನೀವು ಬರೀದೆ ಇರೂದಿಲ್ಲ ಅಲ್ರಾ.”

ಇದಕ್ಕೂ ಒಂದು ಒಳ್ಳೆಯ ಸಾಲು ಕಟ್ಟಬಹುದಿತ್ತು. ಅಷ್ಟೆಲ್ಲ ಕಟ್ಟಿದವಳಿಗೆ ಇನ್ನೊಂದು ಕಷ್ಟವಲ್ಲ. ಕಟ್ಟಲಿಲ್ಲ. ಹಾಳೆ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಸಂತೋಷವಾಯಿತು ಎಂಬುದನ್ನೂ, ಹೋಳಿಗೆ ಊಟವನ್ನೂ, ಕೊನೆಗೆ ನನ್ನ ಹೆಸರನ್ನೂ.

ಹೊರಗೆ ಕಾಗೆಗಳು ಬಳಚಿನ ಮಾಂಸಕ್ಕೆ ಬಂದವು. ಸೋಮಿಯವರು ಅವನ್ನು ಅಟ್ಟಲು ಏಳಲಿಲ್ಲ.

“ಅವ್ರು ಇಲ್ಲ ಅಂದ್ಕಂಡಿದ್ರಾ ನೀವು?” ಎಂದರು.

“ಹೌದು.”

ಎದ್ದು ಒಳಗೆ ಹೋದರು. ನನ್ನನ್ನು ಹೊರಗೆ ಹಾಕುತ್ತಾರೆ ಅಂದುಕೊಂಡೆ, ಹಾಕಿದ್ದರೆ ಚೆನ್ನಾಗಿತ್ತು. ಡ್ರೈವಿಂಗ್ ಲೈಸೆನ್ಸ್ ಹಿಡಿದು ಬಂದರು. ಬೆರಳಿನ ಉಗುರಿನಷ್ಟು ಫೋಟೋ. ಬಾಚಿದ ತಲೆ, ಅಗಲ ಹಣೆ, ಕ್ಯಾಮೆರಾಕ್ಕೆ ಸ್ವಲ್ಪ ಹೆದರಿದ ಹಾಗಿರುವ ಮುಖ. ನನ್ನ ಕೈಯಲ್ಲಿಟ್ಟರು.

“ನೋಡಿ. ಇದ್ರು.”

ಜುಲೈ 30, ಸೋಮವಾರ

ರಜೆ ಹಾಕಿದೆ.

ನಡೆದದ್ದನ್ನೆಲ್ಲ ಗುಂಪಿಗೆ ಬರೆದೆ. ನನ್ನ ಪತ್ರವನ್ನು ಅಳಿಸಿದ್ದೆ ಅಂತಲೂ ಬರೆದೆ, ಅದನ್ನು ಮತ್ತೆ ಹಾಕಿದೆ. ಬೇರೆಯವರ ಮಾತನ್ನು ಬದಲಿಸಿ ಓದಿದ್ದನ್ನು ಮಾತ್ರ ಬರೆಯಲಿಲ್ಲ. ಅದು ಸೋಮಿಯವರಿಗೆ ಕೊಟ್ಟಾಗಿದೆ.

ಆಗಸ್ಟ್ 2, ಗುರುವಾರ

ನೂರಾ ಆರು ಪತ್ರ. ಬೀರಣ್ಣ, ನಮ್ಮ ಬೀರಣ್ಣ, ನಾಡಿನ ಪ್ರತಿಭೆ, ತುಂಬಲಾರದ ನಷ್ಟ. ‘ಗೇಮ್ ಓವರ್’ ಎಂದವನು ಇಪ್ಪತ್ತು ಸಾಲಿನ ಶೋಕಗೀತೆ ಬರೆದಿದ್ದಾನೆ. ಒಬ್ಬ ತನಗೆ ಮೊದಲೇ ಗೊತ್ತಿತ್ತು, ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ ಅಂತ ಬರೆದಿದ್ದಾನೆ. ಉರಿಯುವ ದೀಪದ ಚಿತ್ರ, ಹೂವಿನ ಚಿತ್ರ. ಮುನ್ನೂರು ಜಿಬಿ ಹಾರ್ಡ್ ಡಿಸ್ಕಿನ ಬಗ್ಗೆ ಪ್ರಶ್ನೆ ಮಂಗಳವಾರ ಸಂಜೆಯೇ ಬಂದಿತ್ತು, ಅದಕ್ಕೆ ಹನ್ನೆರಡು ಉತ್ತರ.

ಜುಲೈ ಹದಿನಾರರ ಹಾಸ್ಯಕ್ಕಿಂತ ಇದು ಹೆಚ್ಚು ಅಸಹ್ಯವಾಗುತ್ತದೆ. ಅಳಿಸಲು ಕೈ ಹೋಯಿತು. ಅಳಿಸುವ ಅಧಿಕಾರ ಇನ್ನು ನನಗೆ ಬೇಡ. ನಾಗರಾಜನಿಗೆ ಫೋನು ಮಾಡಿ ಎಲ್ಲ ಅವನಿಗೆ ಒಪ್ಪಿಸಿದೆ.

“ಹಂಗಾರೆ ಗುಂಪು ಬಿಡ್ತ್ಯಾ?”

“ಇಲ್ಲ. ಓದುತ್ತೇನೆ.”

ಆಗಸ್ಟ್ 19, ಭಾನುವಾರ

ಬೀರ ಗೌಡರ ಹದಿನಾರು ಕಂತುಗಳನ್ನೂ ಕನ್ನಡ ಅಕ್ಷರದಲ್ಲಿ ಟೈಪು ಮಾಡುತ್ತಿದ್ದೇನೆ. ಸೋಮಿಯವರು ಕೇಳಿದ್ದಲ್ಲ. ಬರುವಾಗ ಬಾಗಿಲ ತನಕ ಬಂದವರಿಗೆ ನಾನೇ ಹೇಳಿಬಂದೆ. ಇಂಗ್ಲಿಷ್ ಅಕ್ಷರದಲ್ಲಿ ‘ಹೋತೆ’ಯೋ ‘ಹೊತ್ತೇ’ಯೋ ತಿಳಿಯದಲ್ಲೆಲ್ಲ ಜೋರಾಗಿ ಓದಿ ನೋಡಬೇಕು. ಓದುತ್ತ ಇದ್ದರೆ ಟೆಂಪೋದವರೆಲ್ಲ ಮಾತಾಡುವುದು ಕೇಳುತ್ತದೆ.

ಹದಿನಾರನೆಯದರಲ್ಲಿ ಗಾಡಿ ಚಂದ್ರನ ಮೇಲೆ ಕೆಟ್ಟು ನಿಂತಿದೆ. ರೇಡಿಯೇಟರ್ ಒಣಗಿದೆ. ಸುತ್ತ ಹತ್ತು ಸಾವಿರ ಮೈಲಿ ಒಂದು ತಂಬಿಗೆ ನೀರಿಲ್ಲ. ಜ್ವರದಲ್ಲಿ ಅಷ್ಟು ಬರೆದು ನಿಲ್ಲಿಸಿದ್ದಾರೆ.

ನಾಗರಾಜ ಪುಸ್ತಕ ಮಾಡಿಸೋಣ ಎಂದ. “ವಿಜ್ಞಾನದ ತಪ್ಪು ಅಷ್ಟು ತಿದ್ದಿಬಿಡು. ಮುಗೀದೇ ಇದ್ದದ್ದಕ್ಕೆ ನೀನೇ ಒಂದು ಕೊನೆ ಬರೆ, ನಿಂಗಾದ್ರೆ ಎಲ್ಲ ಗೊತ್ತುಂಟಲ್ಲ,” ಎಂದ. ಸತ್ತವರ ಬರಹಕ್ಕೆ ಕೈ ಹಾಕಲು ಹೇಳುತ್ತಾನೆ, ಹೇಸಿಗೆ ಅನ್ನಿಸುವುದಿಲ್ಲವೇ ಇವನಿಗೆ. ಒಂದು ಅಕ್ಷರ ಮುಟ್ಟುವುದಿಲ್ಲ ಎಂದು ಫೋನು ಇಟ್ಟೆ.

ಸೆಪ್ಟೆಂಬರ್ 2, ಭಾನುವಾರ

ಹಾಳೆಗಳನ್ನು ತೆಗೆದುಕೊಂಡು ಕಾಗಾಲಕ್ಕೆ ಹೋಗಿದ್ದೆ. ಸೋಮಿಯವರು ಬನ್ನಿ ಎಂದರು, ನಗಲಿಲ್ಲ. ಕಳೆದ ಸಲದ ಹಾಗೆ ಚಾಪೆ ಹಾಸಲಿಲ್ಲ, ನಾನೇ ಜಗಲಿಯ ಅಂಚಿನಲ್ಲಿ ಕೂತೆ. ಅವರು ಬಳಚು ಒಡೆಯುತ್ತಲೇ ಇದ್ದರು.

ಮೊದಲ ಕಂತಿನಿಂದ ಓದಿದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಕೈ ನಿಂತಿತ್ತು. ಬಂಗಡೆ ತೇಲುವಲ್ಲಿ ತುಟಿ ಬಿಗಿ ಹಿಡಿದರು. ಕೆಲವು ಕಡೆ, ನಾನು ಓದುವ ಮೊದಲೇ ಮುಂದಿನ ಸಾಲು ಹೇಳಿದರು. ರಾತ್ರಿ ಉಂಡ ಮೇಲೆ ಕಂತನ್ನು ಹೆಂಡತಿಗೆ ಹೇಳಿ ನೋಡಿ, ಆಮೇಲೆ ಬೀರ ಗೌಡರು ಕುಮಟಾಕ್ಕೆ ಹೋಗಿ ಬರೆಯುತ್ತಿದ್ದರಂತೆ.

ಹದಿನಾರು ಮುಗಿಯಿತು. ಇಷ್ಟೇ ಇರುವುದು ಎಂದೆ.

“ಅಷ್ಟೇ ಅಲ್ಲ. ಗಾಡಿ ವಾಪಸ್ ಬತ್ತದೆ. ಆಸ್ಪತ್ರೆಲಿ ಹೇಳಿದ್ರು.”

ಚೀಲದಿಂದ ಪೆನ್ನು ತೆಗೆದೆ. ಅವರು ನಿಧಾನಕ್ಕೆ ಹೇಳಿದರು. ಪ್ಯಾಸೆಂಜರುಗಳು ಜಗಳಕ್ಕೆ ಬೀಳುತ್ತಾರೆ. ಡ್ರೈವರು ಸ್ಟೇರಿಂಗಿಗೆ ತಲೆ ಇಟ್ಟು ಕೂರುತ್ತಾನೆ. ಆಗ ಮಳೆ ಬರುತ್ತದೆ. ಮೀನಿನ ಹೆಂಗಸು ಬುಟ್ಟಿಗೆ ಪ್ಲಾಸ್ಟಿಕ್ ಹಾಸಿ ನೀರು ಹಿಡಿಯುತ್ತಾಳೆ, ಅದನ್ನೇ ರೇಡಿಯೇಟರಿಗೆ ಹೊಯ್ಯುತ್ತಾರೆ.

“ಚಂದ್ರನ ಮೇಲೆ ಮಳೆ ಬರುವುದಿಲ್ಲ ಸೋಮಿಯವರೇ,” ಎಂದೆ. ಬಾಯಿಯಿಂದ ಬಂದೇ ಹೋಯಿತು. “ಅಲ್ಲಿ ಗಾಳಿ ಇಲ್ಲ, ಮೋಡ ಇಲ್ಲ.”

“ಅದು ಅವ್ರಿಗೂ ಗೊತ್ತಿತ್ತು. ಇದ್ಕೆ ಮೇಡಂ ಬೈತ್ರು ಅಂದ್ರು. ಬೈಸ್ಕಣೂದು ಎಂತಕ್ಕೆ, ಬೇರೆ ಎಂತಾದ್ರೂ ಬರೀರಿ ಅಂದೆ.” ಅವರು ಕೈಯಲ್ಲಿದ್ದ ಚಿಪ್ಪನ್ನು ನೋಡುತ್ತ ಕೂತರು. “ಬೈಲಿ ಬಿಡು ಅಂದ್ರು. ಉಳ್ದವ್ರು ನಗಾಡ್ತ್ರು ಅಷ್ಟೇಯಾ, ಬೈಯೂಕಾದ್ರೂ ಪೂರ್ತಿ ಓದೂದು ಅವ್ರೊಬ್ರೇ ಅಂದ್ರು.”

‘ಮಳೆ ಬಂತು’ ಎಂದು ಬರೆದೆ.

“ಎಂತ ಬರ್ದ್ರಿ, ಓದಿ,” ಎಂದರು. ಓದಿದೆ.

“ಜೋರು ಮಳೆ ಅಂತ ಬರೀರಿ.”

ತಿದ್ದಿದೆ.